ನಿವೃತ್ತಿಯ ಉಳಿತಾಯವನ್ನು ಗಟ್ಟಿ ಚಿನ್ನಕ್ಕೆ ಹಾಕುವುದು ಹೇಗೆ: ಅಮೆರಿಕದಲ್ಲಿ 401ಕೆ, ಐಆರ್‌ಎ ಇರುವವರಿಗೆ ಸಮಗ್ರ ಮಾರ್ಗದರ್ಶಿ

ಹಳೇ ಕಂಪನಿಯಲ್ಲಿ ಬಿಟ್ಟು ಬಂದ 401ಕೆ (ಕಂಪನಿ ಮೂಲಕ ನಡೆಯುವ ನಿವೃತ್ತಿ ಖಾತೆ) ಹಣವನ್ನು ಏನು ಮಾಡೋದು ಅಂತ ತಲೆ ಕೆಡಿಸಿಕೊಂಡಿದ್ದ ದಿನಗಳಲ್ಲಿ ಒಬ್ಬ ಚಿನ್ನದ ಡೀಲರ್‌ಗೆ ಫೋನ್ ಮಾಡಿದ್ದೆ. ಡಾಲರ್ ಹೇಗೆ ಮುಳುಗುತ್ತದೆ ಅಂತ ಹತ್ತು ನಿಮಿಷ ಹೇಳಿದರು. ಆಮೇಲೆ ಒಂದು ನಾಣ್ಯದ ಗುಣಗಾನ ಶುರುವಾಯಿತು. ಎಲ್ಲ ಮುಗಿದ ಮೇಲೆ ನಾನು ಕೇಳಿದ್ದು ಒಂದೇ ಪ್ರಶ್ನೆ: "ಇದೇ ನಾಣ್ಯವನ್ನು ಇವತ್ತೇ ನಿಮಗೇ ವಾಪಸ್ ಮಾರಿದರೆ ಎಷ್ಟು ಕೊಡ್ತೀರಿ?" ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, "ಸರ್, ಇದು ಲಾಂಗ್ ಟರ್ಮ್‌ಗೆ" ಅಂದರು.

ಅವತ್ತು ನಾನು ಏನೂ ಕೊಳ್ಳಲಿಲ್ಲ. ಆದರೆ ಒಂದು ವಿಷಯ ತಲೆಗೆ ಹೋಯಿತು. ಡೀಲರ್‌ಗಳು ನಾಣ್ಯದಿಂದ ಶುರು ಮಾಡಿ ಕಾಗದಪತ್ರದಲ್ಲಿ ಮುಗಿಸುತ್ತಾರೆ. ಈ ಕೆಲಸದಲ್ಲಿ ದುಡ್ಡು ಕಳೆದುಕೊಂಡವರ ಕಥೆ ಕೇಳಿದರೆ, ಬಹಳಷ್ಟು ಕಡೆ ಕೈಕೊಟ್ಟಿದ್ದು ಚಿನ್ನದ ಬೆಲೆಯಲ್ಲ. ಒಂದೋ ಹಣ ವರ್ಗಾಯಿಸಿದ ದಾರಿ ತಪ್ಪಾಗಿರುತ್ತದೆ, ಇಲ್ಲವೇ ಕೊಂಡ ದಿನವೇ ಡೀಲರ್ ಕಾಲುಭಾಗ ನುಂಗಿರುತ್ತಾನೆ. ಹಾಗಾಗಿ ಇಲ್ಲಿ ಕ್ರಮ ತಿರುಗಿಸಿದ್ದೇನೆ. ಖಾತೆ ಮೊದಲು, ಹಣದ ವರ್ಗಾವಣೆ ಆಮೇಲೆ, ಡೀಲರ್ ಕಡೆಗೆ.

ಶುರು ಮಾಡುವ ಮುಂಚೆ: ನಿಜಕ್ಕೂ ಬೇಕಾ, ಎಷ್ಟು ಬೇಕು?

"ಚಿನ್ನ ಯಾವತ್ತೂ ಬೀಳಲ್ಲ" ಅನ್ನುವವರಿಗೆ ಈ ಲೆಕ್ಕ ತೋರಿಸಿ. 1980ರ ಜನವರಿಯಲ್ಲಿ ಚಿನ್ನ ಔನ್ಸ್‌ಗೆ 850 ಡಾಲರ್ ಮುಟ್ಟಿತು. 1999ರ ಹೊತ್ತಿಗೆ 250ರ ಆಸುಪಾಸಿಗೆ ಇಳಿದಿತ್ತು. ಮತ್ತೆ 850 ದಾಟಿದ್ದು 2008ರ ಜನವರಿಯಲ್ಲಿ. ಇಪ್ಪತ್ತೆಂಟು ವರ್ಷ! ಅದೂ ಬೆಲೆಯೇರಿಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ. 2011ರ ಸೆಪ್ಟೆಂಬರ್‌ನಲ್ಲಿ 1,900ರ ಹತ್ತಿರ ಹೋಗಿದ್ದು 2015ರ ಡಿಸೆಂಬರ್‌ಗೆ 1,050ಕ್ಕೆ ಬಂತು. 2020ರ ಆಗಸ್ಟ್‌ನಲ್ಲಿ ಮೊದಲ ಸಲ 2,000 ದಾಟಿತು. 2025ರ ಅಕ್ಟೋಬರ್‌ನಲ್ಲಿ 4,000.

ಹಾಗಾದರೆ ಸ್ಥಿರತೆ ಎಲ್ಲಿಂದ ಬಂತು? ಚಿನ್ನ ಒಂದನ್ನೇ ನೋಡಿದರೆ ಸ್ಥಿರತೆ ಕಾಣುವುದಿಲ್ಲ. ಷೇರು ಮತ್ತು ಬಾಂಡ್ ಜೊತೆಗಿಟ್ಟು ನೋಡಬೇಕು. 2022ರಲ್ಲಿ ಅಮೆರಿಕದ ಷೇರುಗಳು ಸುಮಾರು ಶೇ 18ರಷ್ಟು ಬಿದ್ದವು. ಬಡ್ಡಿ ದರ ಏರಿದ್ದರಿಂದ ಬಾಂಡ್‌ಗಳೂ ಬಿದ್ದವು. ಚಿನ್ನ ಮಾತ್ರ ವರ್ಷದ ಕೊನೆಗೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಎಲ್ಲ ಒಟ್ಟಿಗೆ ಬೀಳುವಾಗ ಒಂದು ಬೀಳದೆ ನಿಂತರೆ, ನಿವೃತ್ತರಾದವರು ಆ ವರ್ಷ ಬಿದ್ದ ಷೇರನ್ನು ಮಾರಿ ಮನೆ ನಡೆಸಬೇಕಾಗಿಲ್ಲ. ಅಷ್ಟೇ ಅದರ ಕೆಲಸ. ಚಿನ್ನ ಬಡ್ಡಿ ಕೊಡುವುದಿಲ್ಲ, ಡಿವಿಡೆಂಡ್ ಕೊಡುವುದಿಲ್ಲ, ಸುಮ್ನೆ ಕೂತಿರುತ್ತದೆ. ಮೇಲಾಗಿ ಅದಕ್ಕೆ ಬಾಡಿಗೆ ಬೇರೆ ಕಟ್ಟಬೇಕು.

ನನ್ನ ಮಟ್ಟಿಗೆ ಹೇಳುವುದಾದರೆ, ಒಟ್ಟು ನಿವೃತ್ತಿ ಉಳಿತಾಯದ ಶೇ 5ರಿಂದ 10 ಸಾಕು. ಶೇ 15ರ ಮೇಲೆ ಹೋದರೆ ಅದು ಭದ್ರತೆ ಅನ್ನುವುದಕ್ಕಿಂತ ಬಾಜಿ. "ಪೂರ್ತಿ 401ಕೆ ತಂದು ಹಾಕಿ" ಅನ್ನುವ ಡೀಲರ್ ಸಿಕ್ಕರೆ ಅಲ್ಲೇ ಫೋನ್ ಇಡಿ.

ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಯಾವ ಡೀಲರೂ ಹೇಳುವುದಿಲ್ಲ. ನಿಮಗೆ ಬೇಕಿರುವುದು ಚಿನ್ನದ ಬೆಲೆಯ ಏರಿಳಿತ ಮಾತ್ರ ಅಂತಾದರೆ, ಈಗಿರುವ ಐಆರ್‌ಎಯಲ್ಲೇ (ನೀವೇ ತೆರೆಯುವ ನಿವೃತ್ತಿ ಖಾತೆ) ಗೋಲ್ಡ್ ಇಟಿಎಫ್, ಅಂದರೆ ಷೇರಿನ ಹಾಗೆ ಕೊಂಡು ಮಾರುವ ಚಿನ್ನದ ಫಂಡ್, ಕೊಳ್ಳಬಹುದು. 2004ರಲ್ಲಿ ಶುರುವಾದ ದೊಡ್ಡ ಫಂಡ್ ಜಿಎಲ್‌ಡಿಯ ವಾರ್ಷಿಕ ಖರ್ಚು ಶೇ 0.40. ಅದಕ್ಕಿಂತ ಅಗ್ಗದವೂ ಇವೆ. ಐದು ನಿಮಿಷದ ಕೆಲಸ. ಇಷ್ಟು ಗೊತ್ತಿದ್ದೂ, "ಇಲ್ಲ, ನನಗೆ ನನ್ನದೇ ನಾಣ್ಯ, ನನ್ನದೇ ಗಟ್ಟಿ ಬೇಕು, ಮಧ್ಯೆ ಫಂಡ್ ಬೇಡ" ಅನ್ನುವವರು ಮುಂದೆ ಓದಿ. ಅದೂ ತಪ್ಪೇನಲ್ಲ. ಆದರೆ ಕೆಲಸ ಜಾಸ್ತಿ.

ಹಂತ 1: ಯಾವ ಹಣ ಅಲ್ಲಾಡುತ್ತದೆ ಅಂತ ನೋಡಿ

ನಿಮ್ಮ ಹೆಸರಲ್ಲಿರುವ ಎಲ್ಲ ನಿವೃತ್ತಿ ಹಣವನ್ನೂ ಈಗಲೇ ವರ್ಗಾಯಿಸಲು ಆಗುವುದಿಲ್ಲ. ಬಿಟ್ಟುಬಂದ ಕೆಲಸದ 401ಕೆ ಅಥವಾ 403ಬಿ (ಶಾಲೆ, ಲಾಭರಹಿತ ಸಂಸ್ಥೆಗಳಲ್ಲಿ 401ಕೆಯಂಥದ್ದೇ ಖಾತೆ), ಸಾಂಪ್ರದಾಯಿಕ ಐಆರ್‌ಎ, ರಾತ್ ಐಆರ್‌ಎ ಇವೆಲ್ಲ ಆಗುತ್ತವೆ. ಈಗ ಕೆಲಸ ಮಾಡುತ್ತಿರುವ ಕಂಪನಿಯ 401ಕೆ ಮಾತ್ರ ಸಾಮಾನ್ಯವಾಗಿ 59 ವರ್ಷ 6 ತಿಂಗಳಾಗುವ ತನಕ ಅಲ್ಲಾಡುವುದಿಲ್ಲ. ಆದ ಮೇಲೂ ಆ ಪ್ಲಾನಿನ ನಿಯಮ ಒಪ್ಪಬೇಕು.

ಜಾತಿಗೆ ಜಾತಿ ಸೇರಬೇಕು ಅನ್ನುವುದು ನೆನಪಿರಲಿ. ತೆರಿಗೆ ಕಟ್ಟದೆ ಹಾಕಿದ ಹಣ ಸಾಂಪ್ರದಾಯಿಕ ಐಆರ್‌ಎಗೆ ಹೋಗಬೇಕು, ತೆರಿಗೆ ಕಟ್ಟಿದ ಮೇಲೆ ಹಾಕಿದ ರಾತ್ ಹಣ ರಾತ್‌ಗೆ. ಸಾಂಪ್ರದಾಯಿಕದಿಂದ ರಾತ್‌ಗೆ ಹಾಕಿದರೆ ಆ ವರ್ಷವೇ ಪೂರ್ತಿ ಮೊತ್ತದ ಮೇಲೆ ಆದಾಯ ತೆರಿಗೆ ಬೀಳುತ್ತದೆ.

55 ದಾಟಿ ಕೆಲಸ ಬಿಟ್ಟವರು ಇಲ್ಲಿ ಸ್ವಲ್ಪ ನಿಲ್ಲಬೇಕು. 55 ತುಂಬುವ ವರ್ಷದಲ್ಲಿ ಅಥವಾ ಆಮೇಲೆ ಕೆಲಸ ಬಿಟ್ಟರೆ, ಆ ಕಂಪನಿಯ 401ಕೆಯಿಂದ 59ವರೆ ಆಗುವ ಮುಂಚೆ ತೆಗೆದರೆ ಬೀಳುವ ಶೇ 10ರ ದಂಡವಿಲ್ಲದೆ ಹಣ ತೆಗೆಯಬಹುದು. ಅದೇ ಹಣವನ್ನು ಐಆರ್‌ಎಗೆ ಸಾಗಿಸಿದಿರೋ, ಆ ಸವಲತ್ತು ಹೋಯಿತು. 59ವರೆ ತನಕ ಕಾಯಬೇಕು. ನಡುವಿನ ವರ್ಷಗಳಿಗೆ ಎಷ್ಟು ಬೇಕೋ ಅಷ್ಟನ್ನು 401ಕೆಯಲ್ಲೇ ಬಿಡಿ.

ಹಂತ 2: ಕಾನೂನಿನ ಕಣ್ಣಲ್ಲಿ ಯಾವುದು ಚಿನ್ನ?

ನಮಗೆ ಚಿನ್ನ ಅಂದರೆ ಚಿನ್ನ. ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಹಾಗಲ್ಲ. 1981ರ ಕಾನೂನು ಐಆರ್‌ಎ ಹಣದಲ್ಲಿ ಚಿನ್ನ, ಕಲಾಕೃತಿ, ಹಳೇ ನಾಣ್ಯ ಇವೆಲ್ಲವನ್ನೂ "ಸಂಗ್ರಹದ ವಸ್ತು" ಅಂತ ಒಂದೇ ಚೀಲಕ್ಕೆ ಹಾಕಿ ಬಾಗಿಲು ಮುಚ್ಚಿತು. 1986ರಲ್ಲಿ ಅಮೆರಿಕನ್ ಈಗಲ್ ನಾಣ್ಯ ಬಂದಾಗ ಒಂದು ಕಿಟಕಿ ತೆರೆಯಿತು. 1997ರ ತಿದ್ದುಪಡಿಯಲ್ಲಿ ಗಟ್ಟಿಗಳಿಗೂ ಜಾಗ ಸಿಕ್ಕಿತು.

ಈಗಿನ ನಿಯಮ ಸರಳ. ಶುದ್ಧತೆ ಶೇ 99.5 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಕೆನಡಾದ ಮೇಪಲ್ ಲೀಫ್, ಆಸ್ಟ್ರಿಯಾದ ಫಿಲ್‌ಹಾರ್ಮೋನಿಕ್, ಆಸ್ಟ್ರೇಲಿಯಾದ ಕಾಂಗರೂ, 2006ರಿಂದ ಬರುತ್ತಿರುವ ಅಮೆರಿಕನ್ ಬಫೆಲೋ, ಇವೆಲ್ಲ 99.99 ಅಪರಂಜಿ. ಆಗುತ್ತವೆ. ಹೆಸರಾಂತ ರಿಫೈನರಿಗಳ ಬಾರ್‌ಗಳೂ ಆಗುತ್ತವೆ.

ತಮಾಷೆ ಇರುವುದು ಅಮೆರಿಕನ್ ಈಗಲ್‌ನಲ್ಲಿ. ಅದು 22 ಕ್ಯಾರೆಟ್, ಅಂದರೆ 91.67. ಲೆಕ್ಕದ ಪ್ರಕಾರ ನಪಾಸಾಗಬೇಕಿತ್ತು. ಆದರೆ ಕಾನೂನಿನಲ್ಲೇ ಅದಕ್ಕೆ ವಿನಾಯಿತಿ ಬರೆದಿದ್ದಾರೆ. ಒಂದು ಔನ್ಸ್ ಈಗಲ್ ತೂಕಕ್ಕಿಟ್ಟರೆ 33.93 ಗ್ರಾಂ ತೋರಿಸುತ್ತದೆ. ಅದರಲ್ಲಿ ಅಪ್ಪಟ ಚಿನ್ನ 31.1 ಗ್ರಾಂ, ಅಂದರೆ ಸರಿಯಾಗಿ ಒಂದು ಟ್ರಾಯ್ ಔನ್ಸ್. ಉಳಿದದ್ದು ತಾಮ್ರ, ಬೆಳ್ಳಿ. ಗೀರು ಬೀಳಬಾರದು ಅಂತ ಬೆರೆಸುತ್ತಾರೆ. ದಕ್ಷಿಣ ಆಫ್ರಿಕಾದ ಕ್ರುಗರ್‌ರಾಂಡ್ ಕೂಡ ಅದೇ 22 ಕ್ಯಾರೆಟ್, ಅದರಲ್ಲೂ ಒಂದು ಔನ್ಸ್ ಅಪ್ಪಟ ಚಿನ್ನ ಇದೆ. ಆದರೆ ಅದಕ್ಕೆ ವಿನಾಯಿತಿ ಇಲ್ಲ, ಹಾಗಾಗಿ ಐಆರ್‌ಎಗೆ ಆಗುವುದಿಲ್ಲ. ಬ್ರಿಟನ್ನಿನ ಸಾವರಿನ್ ಕಥೆಯೂ ಅಷ್ಟೇ.

ನಮ್ಮವರು ಕೇಳಿಯೇ ಕೇಳುವ ಪ್ರಶ್ನೆ: "ಮನೇಲಿರೋ ಬಳೆ, ನಾಣ್ಯ ಐಆರ್‌ಎಗೆ ಹಾಕಬಹುದಾ?" ಇಲ್ಲ. ಒಡವೆ ಅಂತೂ ಇಲ್ಲವೇ ಇಲ್ಲ. ನಿಮ್ಮ ಬಳಿ ಈಗಾಗಲೇ ಇರುವ ಈಗಲ್ ನಾಣ್ಯವೂ ಆಗುವುದಿಲ್ಲ. ಖಾತೆಗೆ ಹೋಗುವುದು ಹಣ. ಆ ಹಣದಿಂದ ಹೊರಗಿನ ಡೀಲರ್ ಹತ್ತಿರ ಕೊಳ್ಳಬೇಕು. ನಿಮ್ಮಿಂದ, ಗಂಡ ಅಥವಾ ಹೆಂಡತಿಯಿಂದ, ಅಪ್ಪ-ಅಮ್ಮನಿಂದ, ಮಕ್ಕಳಿಂದ ನಿಮ್ಮ ಐಆರ್‌ಎ ಏನನ್ನೂ ಕೊಳ್ಳುವ ಹಾಗಿಲ್ಲ. ಕೊಂಡರೆ, ಪೂರ್ತಿ ಖಾತೆಯನ್ನೇ ಆ ವರ್ಷದ ಜನವರಿ 1ರಂದು ತೆಗೆದಿರಿ ಅಂತ ಐಆರ್‌ಎಸ್ ಲೆಕ್ಕ ಹಾಕುತ್ತದೆ. ಪೂರ್ತಿ ಖಾತೆ, ಕೊಂಡ ನಾಣ್ಯ ಮಾತ್ರ ಅಲ್ಲ.

ಹಂತ 3: ಕಸ್ಟೋಡಿಯನ್ ಹುಡುಕಿ

ಷೇರು ಕೊಳ್ಳುವ ಮಾಮೂಲಿ ಬ್ರೋಕರೇಜ್‌ಗಳು ಸಾಮಾನ್ಯವಾಗಿ ಗಟ್ಟಿ ಚಿನ್ನ ಇಟ್ಟುಕೊಳ್ಳುವುದಿಲ್ಲ. ಅದಕ್ಕೆ "ಸೆಲ್ಫ್ ಡೈರೆಕ್ಟೆಡ್ ಐಆರ್‌ಎ" (ಏನು ಕೊಳ್ಳಬೇಕು ಅಂತ ನೀವೇ ಹೇಳುವ ಖಾತೆ) ನಡೆಸುವ ಕಸ್ಟೋಡಿಯನ್, ಅಂದರೆ ಖಾತೆ ನೋಡಿಕೊಳ್ಳುವ ಸಂಸ್ಥೆ ಬೇಕು. ಅದು ಬ್ಯಾಂಕ್ ಆಗಿರಬೇಕು, ಇಲ್ಲವೇ ಐಆರ್‌ಎಸ್ ಒಪ್ಪಿದ ಟ್ರಸ್ಟಿ ಆಗಿರಬೇಕು. ಬ್ಯಾಂಕ್ ಅಲ್ಲದ ಟ್ರಸ್ಟಿಗಳ ಪಟ್ಟಿ ಐಆರ್‌ಎಸ್ ವೆಬ್‌ಸೈಟಿನಲ್ಲೇ ಇದೆ. ಡೀಲರ್ ಹೇಳಿದ ಹೆಸರನ್ನು ಕಣ್ಣು ಮುಚ್ಚಿ ಒಪ್ಪಬೇಡಿ. ಆ ಪಟ್ಟಿ ತೆರೆದು ನೀವೇ ಹುಡುಕಿ.

ಜನ ತಪ್ಪು ತಿಳಿಯುವ ಒಂದು ವಿಷಯವಿದೆ. ಕಸ್ಟೋಡಿಯನ್ ನಿಮ್ಮ ಪರವಾಗಿ ಬೆಲೆ ಸರಿಯಿದೆಯಾ ಅಂತ ನೋಡುವುದಿಲ್ಲ. ಡೀಲರ್ ಒಳ್ಳೆಯವನಾ ಅಂತಲೂ ನೋಡುವುದಿಲ್ಲ. ನೀವು ಸಹಿ ಮಾಡಿ ಹೇಳಿದ ಕಡೆ ಹಣ ಕಳಿಸುತ್ತಾನೆ, ವರದಿ ಬರೆಯುತ್ತಾನೆ, ಅಷ್ಟೇ. "ಕಸ್ಟೋಡಿಯನ್ ಒಪ್ಪಿದ್ದಾರಲ್ಲ, ಹಾಗಾದ್ರೆ ಸರಿ ಇರತ್ತೆ" ಅನ್ನುವುದು ದುಬಾರಿ ನಂಬಿಕೆ.

ಫೀಸ್ ಪಟ್ಟಿಯನ್ನು ಲಿಖಿತವಾಗಿ ತರಿಸಿಕೊಳ್ಳಿ. ಖಾತೆ ತೆರೆಯಲು, ವರ್ಷದ ನಿರ್ವಹಣೆಗೆ, ವಾಲ್ಟ್ ಬಾಡಿಗೆಗೆ, ಪ್ರತಿ ಖರೀದಿಗೆ, ಪ್ರತಿ ವೈರ್ (ಬ್ಯಾಂಕ್ ಮೂಲಕ ಹಣ ಕಳಿಸುವುದು) ಗೆ, ಖಾತೆ ಮುಚ್ಚಲು, ಹೀಗೆ ಬೇರೆ ಬೇರೆ ಸಾಲುಗಳಿರುತ್ತವೆ. ಕೊನೇ ಸಾಲನ್ನು ಯಾರೂ ಓದುವುದಿಲ್ಲ. ನೀವು ಓದಿ.

ನಿಗದಿತ ಫೀಸ್ ಒಳ್ಳೆಯದಾ, ಶೇಕಡಾವಾರಾ? ಮೊತ್ತದ ಮೇಲೆ ಹೋಗುತ್ತದೆ. ಎಲ್ಲ ಸೇರಿ ವರ್ಷಕ್ಕೆ 300 ಡಾಲರ್ ಅಂತಿಟ್ಟುಕೊಳ್ಳಿ. 20,000 ಡಾಲರ್ ಚಿನ್ನಕ್ಕೆ ಅದು ಶೇ 1.5. ಏನೂ ಬೆಳೆಯದೆ ಕೂತಿರುವ ವಸ್ತುವಿಗೆ ವರ್ಷಾವರ್ಷ ಒಂದೂವರೆ ಶೇಕಡಾ ಬಾಡಿಗೆ! ಅದೇ 1.5 ಲಕ್ಷ ಡಾಲರ್‌ಗಾದರೆ ಶೇ 0.2 ಮಾತ್ರ. ಸಣ್ಣ ಮೊತ್ತ ಇಟ್ಟುಕೊಂಡು ಗಟ್ಟಿ ಚಿನ್ನದ ಐಆರ್‌ಎಗೆ ಕೈ ಹಾಕಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಖಾತೆ ತೆರೆಯುವ ದಿನವೇ ನಾಮಿನಿ ಫಾರ್ಮ್ ತುಂಬಿ. ವಿಲ್‌ನಲ್ಲಿ ಏನೇ ಬರೆದಿರಲಿ, ಐಆರ್‌ಎ ಹೋಗುವುದು ಈ ಫಾರ್ಮಿನಲ್ಲಿ ಹೆಸರಿದ್ದವರಿಗೆ.

ಹಂತ 4: ಹಣ ಸಾಗಿಸುವುದು

ಇಲ್ಲಿ ನಿಧಾನವಾಗಿ ಓದಿ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಎಡವಟ್ಟಾಗುವುದು ಇಲ್ಲೇ.

ಎರಡು ದಾರಿ ಇವೆ. ಒಂದು ನೇರ ವರ್ಗಾವಣೆ. ಹಣ ಹಳೇ ಸಂಸ್ಥೆಯಿಂದ ಹೊಸ ಕಸ್ಟೋಡಿಯನ್‌ಗೆ ಹೋಗುತ್ತದೆ, ನಿಮ್ಮ ಕೈ ಸೋಕುವುದಿಲ್ಲ. ಇನ್ನೊಂದು, ಹಣ ನಿಮ್ಮ ಹೆಸರಿಗೆ ಬರುತ್ತದೆ, 60 ದಿನದೊಳಗೆ ನೀವೇ ಹೊಸ ಖಾತೆಗೆ ಹಾಕಬೇಕು.

ಎರಡನೇ ದಾರಿಯ ಲೆಕ್ಕ ನೋಡಿ. ಹಳೇ 401ಕೆಯಲ್ಲಿ 1 ಲಕ್ಷ ಡಾಲರ್ ಇದೆ. "ನನಗೇ ಕಳಿಸಿ" ಅಂದಿರಿ. ಕಾನೂನಿನ ಪ್ರಕಾರ ಅವರು ಶೇ 20 ಹಿಡಿದು ತೆರಿಗೆ ಇಲಾಖೆಗೆ ಕಟ್ಟಲೇಬೇಕು. ನಿಮ್ಮ ಕೈಗೆ ಬರುವುದು 80,000. ಆದರೆ 60 ದಿನದಲ್ಲಿ ಹೊಸ ಖಾತೆಗೆ ಹೋಗಬೇಕಾದ್ದು ಪೂರ್ತಿ 1 ಲಕ್ಷ. ಕಡಿಮೆ ಬಿದ್ದ 20,000 ಎಲ್ಲಿಂದ ತರುತ್ತೀರಿ? ನಿಮ್ಮ ಜೇಬಿನಿಂದ. ಹಿಡಿದ ಹಣ ವಾಪಸ್ ಬರುವುದು ಮುಂದಿನ ವರ್ಷ ರಿಟರ್ನ್ ಹಾಕಿದ ಮೇಲೆ. ತರಲು ಆಗಲಿಲ್ಲ ಅಂದರೆ ಆ 20,000 ನೀವು ತೆಗೆದ ಆದಾಯ ಅಂತಾಗುತ್ತದೆ. 59ವರೆ ಆಗಿಲ್ಲದಿದ್ದರೆ ತೆರಿಗೆ ಜೊತೆಗೆ 2,000 ದಂಡ. 61ನೇ ದಿನ ಹಾಕಿದರೆ ಪೂರ್ತಿ ಲಕ್ಷದ ಮೇಲೂ ಇದೇ ಗತಿ.

ಐಆರ್‌ಎಯಿಂದ ಐಆರ್‌ಎಗೆ ಈ 60 ದಿನದ ಆಟ ಹನ್ನೆರಡು ತಿಂಗಳಲ್ಲಿ ಒಂದೇ ಸಲ ಆಡಬಹುದು. ನಿಮ್ಮ ಎಲ್ಲ ಐಆರ್‌ಎಗಳೂ ಸೇರಿ ಒಂದು ಸಲ. ನೇರ ವರ್ಗಾವಣೆಗೆ ಅಂಥ ಮಿತಿ ಇಲ್ಲ, ಶೇ 20 ಹಿಡಿಯುವುದೂ ಇಲ್ಲ.

ಹಾಗಾಗಿ ಹಳೇ ಪ್ಲಾನ್‌ಗೆ ಫೋನ್ ಮಾಡಿ "ಡೈರೆಕ್ಟ್ ರೋಲ್‌ಓವರ್" ಅನ್ನುವ ಪದವನ್ನೇ ಬಳಸಿ. ಕೆಲವರು ಇವತ್ತಿಗೂ ಚೆಕ್ ಬರೆದು ನಿಮ್ಮ ಮನೆಗೇ ಪೋಸ್ಟ್ ಮಾಡುತ್ತಾರೆ. ಗಾಬರಿ ಬೇಡ. ಚೆಕ್ ಯಾರ ಹೆಸರಿಗಿದೆ ನೋಡಿ. ಹೊಸ ಕಸ್ಟೋಡಿಯನ್ ಹೆಸರು, ಆಮೇಲೆ "ಎಫ್‌ಬಿಒ" ಅಂದರೆ "ಇವರ ಸಲುವಾಗಿ" ಅಂತ, ಆಮೇಲೆ ನಿಮ್ಮ ಹೆಸರು ಇದ್ದರೆ ಅದು ನೇರ ವರ್ಗಾವಣೆಯೇ. ನನಗೆ ಬಂದ ಚೆಕ್ಕಿನಲ್ಲಿ ಹೊಸ ಖಾತೆಯ ಕೊನೆಯ ಒಂದು ಅಂಕಿ ಬಿಟ್ಟುಹೋಗಿತ್ತು. ವಾಪಸ್ ಕಳಿಸಿ ಹೊಸದು ಬರಲು ಮೂರು ವಾರ ಹಿಡಿಯಿತು. ಲಕೋಟೆ ಒಡೆದ ಕೂಡಲೇ ಒಂದು ಫೋಟೋ ತೆಗೆದು, ಪ್ರತಿ ಅಂಕಿಯನ್ನೂ ಬೆರಳಿಟ್ಟು ಓದಿ. ನಿಮ್ಮ ಬ್ಯಾಂಕ್ ಖಾತೆಗೆ ಮಾತ್ರ ಅದನ್ನು ಹಾಕಬೇಡಿ.

73 ಆದವರು 401ಕೆಯಿಂದ ಸಾಗಿಸುವಾಗ, ಆ ವರ್ಷ ಕಾನೂನಿನ ಪ್ರಕಾರ ತೆಗೆಯಲೇಬೇಕಾದ ಕಡ್ಡಾಯ ಮೊತ್ತವನ್ನು (ಹಂತ 8 ನೋಡಿ) ಮೊದಲು ತೆಗೆದು, ಉಳಿದದ್ದನ್ನು ಮಾತ್ರ ಸಾಗಿಸಬೇಕು.

ಹಂತ 5: ಈಗ ಡೀಲರ್

ಹಣ ಹೊಸ ಖಾತೆಗೆ ಬಂದು ಕೂತಿದೆ. ಈಗ ಅವಸರವಿಲ್ಲ. ಒಂದು ತಿಂಗಳು ನಗದಾಗಿಯೇ ಕೂತರೂ ಯಾವ ದಂಡವೂ ಇಲ್ಲ. ಡೀಲರ್ ಕೊನೆಗೆ ಬರಬೇಕು ಅಂದದ್ದು ಇದಕ್ಕೇ. ಈಗ ಚೌಕಾಸಿ ಮಾಡುವ ಜಾಗದಲ್ಲಿ ನೀವಿದ್ದೀರಿ.

ಮೂರು ಡೀಲರ್‌ಗಳಿಗೆ ಒಂದೇ ದಿನ, ಒಂದೇ ಗಂಟೆಯೊಳಗೆ ಫೋನ್ ಮಾಡಿ. ಬೆಲೆ ನಿಮಿಷ ನಿಮಿಷಕ್ಕೂ ಅಲ್ಲಾಡುವುದರಿಂದ ಬೇರೆ ಬೇರೆ ದಿನದ ಬೆಲೆಗಳನ್ನು ಹೋಲಿಸಿ ಪ್ರಯೋಜನವಿಲ್ಲ. ಒಂದು ಕಾಗದ ಹಿಡಿದು ಮೂರು ಅಂಕಿ ಬರೆದುಕೊಳ್ಳಿ: ಆ ಕ್ಷಣದ ಸ್ಪಾಟ್ ಬೆಲೆ (ಮಾರುಕಟ್ಟೆಯಲ್ಲಿ ಬರೀ ಚಿನ್ನಕ್ಕಿರುವ ಬೆಲೆ), ನಿಮಗೆ ಮಾರುವ ಬೆಲೆ, ನಿಮ್ಮಿಂದ ಅದೇ ನಾಣ್ಯ ವಾಪಸ್ ಕೊಳ್ಳುವ ಬೆಲೆ.

ಲೆಕ್ಕಕ್ಕೆ ಸ್ಪಾಟ್ 4,000 ಅಂತಿಟ್ಟುಕೊಳ್ಳೋಣ. ನಿಮ್ಮ ಹತ್ತಿರ 50,000 ಡಾಲರ್ ಇದೆ.

ಮಾಮೂಲಿ ಈಗಲ್ ಅನ್ನು ಡೀಲರ್ 4,200ಕ್ಕೆ ಕೊಡುತ್ತಾನೆ, 3,960ಕ್ಕೆ ವಾಪಸ್ ಕೊಳ್ಳುತ್ತಾನೆ. 11 ನಾಣ್ಯಕ್ಕೆ 46,200 ಆಯಿತು. ಉಳಿದ 3,800 ಖಾತೆಯಲ್ಲೇ ಇರಲಿ, ಫೀಸ್ ಕಟ್ಟಲು ನಗದು ಬೇಕು. ಸಂಜೆಯೇ ವಾಪಸ್ ಮಾರಿದರೆ 43,560 ಬರುತ್ತದೆ. ನಷ್ಟ 2,640. ಚಿನ್ನ ಶೇ 6ರಷ್ಟು ಏರಿದರೆ ಅಸಲು ಬಂತು.

ಈಗ ಅದೇ ಡೀಲರ್ ನಿಮ್ಮನ್ನು ಪ್ರೂಫ್ ನಾಣ್ಯದ ಕಡೆ ಎಳೆಯುತ್ತಾನೆ. ಕನ್ನಡಿ ಥರ ಹೊಳೆಯುತ್ತದೆ, ಚಂದದ ಪೆಟ್ಟಿಗೆ, ಪ್ರಮಾಣಪತ್ರ. ಅಮೆರಿಕನ್ ಈಗಲ್ ಪ್ರೂಫ್ ಐಆರ್‌ಎಗೂ ಆಗುತ್ತದೆ. ಬೆಲೆ 5,600 ಅಂತಾನೆ. ವಾಪಸ್ ಬೆಲೆ 4,000. 8 ನಾಣ್ಯಕ್ಕೆ 44,800 ಕೊಟ್ಟು ಸಂಜೆ ಮಾರಿದರೆ 32,000. ನಷ್ಟ 12,800. ಅಸಲು ಬರಬೇಕಾದರೆ ಬೆಲೆ ಶೇ 40 ಏರಬೇಕು. ಒಳಗಿರುವ ಚಿನ್ನ ಎರಡರಲ್ಲೂ ಅದೇ ಒಂದು ಔನ್ಸ್! ಒಡವೆ ಅಂಗಡಿಯಲ್ಲಿ ವೇಸ್ಟೇಜ್, ಮಜೂರಿ ಅಂತ ಕೊಡುತ್ತೇವಲ್ಲ, ಇದೂ ಅದೇ ಜಾತಿ. ವ್ಯತ್ಯಾಸ ಅಂದರೆ ಒಡವೆಯನ್ನು ಹಾಕಿಕೊಂಡು ಮದುವೆಗೆ ಹೋಗಬಹುದು. ಇದು ನಿಮ್ಮ ಕಣ್ಣಿಗೂ ಬೀಳದೆ ವಾಲ್ಟ್‌ನಲ್ಲಿರುತ್ತದೆ.

ಈ ಅಂಕಿಗಳು ಲೆಕ್ಕಕ್ಕೆ ಹಿಡಿದವು, ಆದರೆ ಇಂಥದ್ದು ನಡೆಯುವುದಿಲ್ಲ ಅಂದುಕೊಳ್ಳಬೇಡಿ. 2020ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸರಕು ವಾಯಿದೆ ಮಾರುಕಟ್ಟೆಯ ನಿಯಂತ್ರಕ ಸಿಎಫ್‌ಟಿಸಿ ಮತ್ತು 30 ರಾಜ್ಯಗಳ ನಿಯಂತ್ರಕರು ಸೇರಿ ಅಮೂಲ್ಯ ಲೋಹ ಮಾರುವವರ ಮೇಲೆ ಒಂದು ಕೇಸು ಹಾಕಿದರು. ಆರೋಪದ ಮೊತ್ತ 18.5 ಕೋಟಿ ಡಾಲರ್. ಗುರಿಯಾದವರಲ್ಲಿ ಜಾಸ್ತಿ ಜನ ವಯಸ್ಸಾದವರು. ಅವರ ನಿವೃತ್ತಿ ಖಾತೆಯ ಹಣ ತೆಗೆಸಿ, ವಿಪರೀತ ಬೆಲೆಗೆ ನಾಣ್ಯ ಮಾರಿದರು ಅನ್ನುವುದು ಆರೋಪ.

"10,000 ಡಾಲರ್ ಬೆಳ್ಳಿ ಫ್ರೀ" ಅನ್ನುವ ಜಾಹೀರಾತು ನೋಡಿರುತ್ತೀರಿ. ಬೆಳ್ಳಿಯ ಬೆಲೆ ಚಿನ್ನದ ಬೆಲೆಯೊಳಗೆ ಕೂತಿರುತ್ತದೆ. ಮೂರು ಅಂಕಿಯ ಕಾಗದ ಇದ್ದರೆ ತಾನೇ ಗೊತ್ತಾಗುತ್ತದೆ.

1933ರ ಕಥೆ ಹೇಳಿ ಹೆದರಿಸುವವರೂ ಇದ್ದಾರೆ. ಕಥೆ ನಿಜವೇ. ಆ ವರ್ಷದ ಏಪ್ರಿಲ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಜನರ ಬಳಿ ಇದ್ದ ಚಿನ್ನವನ್ನು ಔನ್ಸ್‌ಗೆ 20.67 ಡಾಲರ್‌ಗೆ ಒಪ್ಪಿಸಲು ಆದೇಶ ಮಾಡಿದರು. ಮರುವರ್ಷ ಸರ್ಕಾರ ಬೆಲೆಯನ್ನು 35ಕ್ಕೆ ಏರಿಸಿತು. ಜನಸಾಮಾನ್ಯರು ಮತ್ತೆ ಚಿನ್ನ ಇಟ್ಟುಕೊಳ್ಳುವಂತಾಗಿದ್ದು 1974ರ ಡಿಸೆಂಬರ್ 31ಕ್ಕೆ. ಆ ಆದೇಶದಲ್ಲಿ ಅಪರೂಪದ ನಾಣ್ಯಗಳಿಗೆ ವಿನಾಯಿತಿ ಇತ್ತು. ಡೀಲರ್ ಹಿಡಿಯುವುದು ಆ ಎಳೆಯನ್ನೇ: "ಅದಕ್ಕೇ ಸರ್, ಹಳೇ ನಾಣ್ಯ ತಗೊಳ್ಳಿ." ಆದರೆ ಅಂಥ ಹಳೇ ಸಂಗ್ರಹದ ನಾಣ್ಯಗಳಿಗೆ ಐಆರ್‌ಎಯಲ್ಲಿ ಜಾಗವೇ ಇಲ್ಲ. ಅಂದರೆ ನಿಮ್ಮ ನಿವೃತ್ತಿ ಖಾತೆಯಿಂದ ಹಣ ಹೊರಗೆ ತೆಗೆಸಿ, ತೆರಿಗೆ ಕಟ್ಟಿಸಿ, ದುಬಾರಿ ನಾಣ್ಯ ಮಾರುವುದು ಅವರ ಲೆಕ್ಕ.

ನಾಣ್ಯವೋ, ಬಾರೋ? ದೊಡ್ಡ ಬಾರ್‌ಗೆ ಔನ್ಸ್ ಲೆಕ್ಕದಲ್ಲಿ ಪ್ರೀಮಿಯಂ, ಅಂದರೆ ಸ್ಪಾಟ್ ಬೆಲೆಯ ಮೇಲೆ ಕೊಡುವ ಹೆಚ್ಚುವರಿ, ಕಡಿಮೆ. ಆದರೆ ಒಂದು ಕಿಲೋ ಬಾರ್ ಅಂದರೆ 32.15 ಔನ್ಸ್, ಮೇಲಿನ ಲೆಕ್ಕದಲ್ಲಿ 1,28,600 ಡಾಲರ್. ಮುಂದೆ 5,000 ಬೇಕಾದಾಗ ಅದರ ಒಂದು ಮೂಲೆ ಕತ್ತರಿಸಿ ಮಾರಲು ಆಗುವುದಿಲ್ಲ. ಒಂದು ಔನ್ಸ್ ನಾಣ್ಯಗಳು, ಬೇಕಾದರೆ ಜೊತೆಗೆ ಹತ್ತು ಔನ್ಸ್ ಬಾರ್ ಒಂದೆರಡು, ಇಷ್ಟು ನನಗೆ ಸರಿ ಅನ್ನಿಸುತ್ತದೆ.

ಬೆಲೆ ಒಪ್ಪಿಗೆಯಾದ ಮೇಲೆ ಇನ್‌ವಾಯ್ಸ್ ಕಸ್ಟೋಡಿಯನ್‌ಗೆ ಹೋಗುತ್ತದೆ. ನೀವು ಖರೀದಿಯ ಸೂಚನೆಗೆ ಸಹಿ ಮಾಡುತ್ತೀರಿ, ಅವರು ಹಣ ಕಳಿಸುತ್ತಾರೆ. ಸಹಿ ಮಾಡುವ ಮುಂಚೆ ನಾಣ್ಯದ ಪೂರ್ತಿ ಹೆಸರು ಓದಿ. "ಪ್ರೂಫ್" ಅನ್ನುವ ಒಂದು ಪದ ಸೇರಿಕೊಂಡಿದ್ದರೆ ಮೇಲಿನ 12,800 ನೆನಪಿರಲಿ.

ಹಂತ 6: ವಾಲ್ಟ್

"ಮನೆಯಲ್ಲೇ ಇಟ್ಟುಕೊಳ್ಳಿ, ಎಲ್‌ಎಲ್‌ಸಿ (ಒಂದು ಸಣ್ಣ ಕಂಪನಿ) ಮಾಡಿದರೆ ಆಯಿತು" ಅಂತ ಹೇಳುವ ಜಾಹೀರಾತುಗಳಿವೆ. ನಂಬಬೇಡಿ. ಒಬ್ಬ ಮಹಿಳೆ ಹಾಗೇ ಎಲ್‌ಎಲ್‌ಸಿ ಮಾಡಿ, ಐಆರ್‌ಎ ಹಣದ ಈಗಲ್ ನಾಣ್ಯಗಳನ್ನು ಮನೆಯ ಸೇಫ್‌ನಲ್ಲಿ ಇಟ್ಟಿದ್ದರು. 2021ರ ನವೆಂಬರ್‌ನಲ್ಲಿ ಟ್ಯಾಕ್ಸ್ ಕೋರ್ಟ್, ನಾಣ್ಯ ಕೈಗೆ ಬಂದಾಗಲೇ ಹಣ ತೆಗೆದ ಹಾಗಾಯಿತು ಅಂತ ತೀರ್ಪು ಕೊಟ್ಟಿತು. ತೆರಿಗೆ ಬಿತ್ತು, ದಂಡವೂ ಬಿತ್ತು.

ಚಿನ್ನ ಹೋಗಬೇಕಾದ್ದು ಡೆಪಾಸಿಟರಿಗೆ, ಅಂದರೆ ಬೇರೆಯವರ ಚಿನ್ನವನ್ನು ವಾಲ್ಟ್‌ನಲ್ಲಿ ಕಾಯುವ ಸಂಸ್ಥೆಗೆ. ಡೆಲವೇರ್ ರಾಜ್ಯದಲ್ಲಿ ಇಂಥವು ಹೆಸರುವಾಸಿ, ಅಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ. ಇಡುವ ಬಗೆ ಎರಡು. ನಿಮ್ಮದನ್ನು ಬೇರೆಯಾಗಿ ಇಟ್ಟರೆ, ನೀವು ಕೊಂಡ ಅದೇ ನಾಣ್ಯ, ಅದೇ ನಂಬರಿನ ಬಾರ್ ವಾಪಸ್ ಬರುತ್ತದೆ. ಬಾಡಿಗೆ ಸ್ವಲ್ಪ ಜಾಸ್ತಿ. ಎಲ್ಲರದ್ದರ ಜೊತೆ ಸೇರಿಸಿ ಇಟ್ಟರೆ ಅದೇ ಬಗೆಯ, ಅಷ್ಟೇ ತೂಕದ ಇನ್ನೊಂದು ಬರುತ್ತದೆ. ಮಾಮೂಲಿ ನಾಣ್ಯಗಳಿಗೆ ಸೇರಿಸಿ ಇಡುವುದು ಸಾಕು. ಬಾರ್‌ಗಳಾದರೆ ಬೇರೆಯಾಗಿ ಇಡಿಸಿ.

ಬ್ಯಾಂಕ್ ಠೇವಣಿಯ ಎಫ್‌ಡಿಐಸಿ ರಕ್ಷಣೆಯಾಗಲಿ, ಷೇರು ಖಾತೆಯ ಎಸ್‌ಐಪಿಸಿ ರಕ್ಷಣೆಯಾಗಲಿ ಈ ಚಿನ್ನಕ್ಕೆ ಇಲ್ಲ. ಡೆಪಾಸಿಟರಿಯ ಸ್ವಂತ ವಿಮೆಯೇ ಗತಿ. ಆ ವಿಮೆಯ ಪತ್ರ ಕೇಳಿ ತರಿಸಿ.

ಹಂತ 7: ತೆರಿಗೆ ಸಮಯ

ಮುಂದಿನ ಜನವರಿ ಕೊನೆಗೆ ಹಳೇ ಪ್ಲಾನಿನಿಂದ 1099-ಆರ್, ಅಂದರೆ ಎಷ್ಟು ಹಣ ಹೊರಗೆ ಹೋಯಿತು ಅನ್ನುವ ತೆರಿಗೆ ಫಾರ್ಮ್ ಬರುತ್ತದೆ. ನೇರ ರೋಲ್‌ಓವರ್ ಆಗಿದ್ದರೆ ಅದರಲ್ಲಿ "ಜಿ" ಅನ್ನುವ ಕೋಡ್ ಇರಬೇಕು. ಇಲ್ಲದಿದ್ದರೆ ಅವತ್ತೇ ಫೋನ್ ಮಾಡಿ ತಿದ್ದಿಸಿ. ತೆರಿಗೆ ಇಲ್ಲ ಅಂತ ರಿಟರ್ನ್‌ನಲ್ಲಿ ತೋರಿಸದೇ ಬಿಡಬೇಡಿ, ರೋಲ್‌ಓವರ್ ಅಂತ ಗುರುತು ಮಾಡಿ ಮೊತ್ತ ತೋರಿಸಬೇಕು. ಮೇ ಹೊತ್ತಿಗೆ ಹೊಸ ಕಸ್ಟೋಡಿಯನ್‌ನಿಂದ, ಎಷ್ಟು ಹಣ ಒಳಗೆ ಬಂತು ಅನ್ನುವ ಫಾರ್ಮ್ 5498 ಬರುತ್ತದೆ. ಎರಡರ ಮೊತ್ತವೂ ತಾಳೆಯಾಗಬೇಕು.

ಹಂತ 8: ತೆಗೆಯುವ ಕಾಲ

1951ರಿಂದ 1959ರ ನಡುವೆ ಹುಟ್ಟಿದವರು 73ಕ್ಕೆ, 1960 ಮತ್ತು ಆಮೇಲೆ ಹುಟ್ಟಿದವರು 75ಕ್ಕೆ ಸಾಂಪ್ರದಾಯಿಕ ಐಆರ್‌ಎಯಿಂದ ವರ್ಷವೂ ಇಂತಿಷ್ಟು ತೆಗೆಯಲೇಬೇಕು. ರಾತ್ ಐಆರ್‌ಎ ಇಟ್ಟವರಿಗೆ ತಮ್ಮ ಜೀವಮಾನದಲ್ಲಿ ಈ ಕಡ್ಡಾಯ ಇಲ್ಲ.

73ನೇ ವರ್ಷಕ್ಕೆ ಐಆರ್‌ಎಸ್ ಕೋಷ್ಟಕದ ಭಾಜಕ 26.5. ಹಿಂದಿನ ಡಿಸೆಂಬರ್ 31ಕ್ಕೆ ಖಾತೆಯಲ್ಲಿ 1 ಲಕ್ಷ ಇದ್ದರೆ 3,774 ಡಾಲರ್ ತೆಗೆಯಬೇಕು. ಒಂದು ನಾಣ್ಯ ಮಾರಿದರೆ ಆಯಿತು. ಇಲ್ಲವೇ ನಾಣ್ಯವನ್ನೇ ಮನೆಗೆ ತರಿಸಿಕೊಳ್ಳಬಹುದು, ಆವತ್ತಿನ ಬೆಲೆಯ ಮೇಲೆ ತೆರಿಗೆ ಕಟ್ಟಬೇಕು, ಅಷ್ಟೇ. ಅಲ್ಲಿಂದಾಚೆ ಅದನ್ನು ಮನೆಯಲ್ಲಿಡಿ, ಮೊಮ್ಮಗಳಿಗೆ ಕೊಡಿ, ಯಾರೂ ಕೇಳುವುದಿಲ್ಲ.

ಇದಕ್ಕಿಂತ ಒಳ್ಳೆಯ ದಾರಿಯೂ ಇದೆ. ನಿಮಗೆ ಬೇರೆ ಸಾಂಪ್ರದಾಯಿಕ ಐಆರ್‌ಎ ಇದ್ದರೆ, ಎಲ್ಲದರ ಕಡ್ಡಾಯ ಮೊತ್ತ ಕೂಡಿಸಿ ಅದೊಂದರಿಂದಲೇ ನಗದು ತೆಗೆಯಬಹುದು. ಚಿನ್ನ ಮುಟ್ಟುವುದೇ ಬೇಡ. ಪೂರ್ತಿ ಹಣ ಚಿನ್ನಕ್ಕೆ ಹಾಕಬೇಡಿ ಅನ್ನಲು ಇದೂ ಒಂದು ಕಾರಣ. ತೆಗೆಯಲು ಮರೆತರೆ, ತೆಗೆಯದ ಮೊತ್ತದ ಶೇ 25 ದಂಡ. ಬೇಗ ಸರಿ ಮಾಡಿದರೆ ಶೇ 10.

ಕೊನೆಗೆ ಒಂದು ಹಾಳೆಯ ಕೆಲಸ ಇದೆ. ಎಲ್ಲ ಮುಗಿದ ಮೇಲೆ ಮನೆಯವರಿಗೆ ಅಂತ ಒಂದು ಕಾಗದ ಬರೆಯಿರಿ. ಕಸ್ಟೋಡಿಯನ್ ಯಾರು, ಖಾತೆ ನಂಬರ್ ಏನು, ಚಿನ್ನ ಯಾವ ವಾಲ್ಟ್‌ನಲ್ಲಿದೆ, ಎಷ್ಟು ನಾಣ್ಯ, ಬಾರ್‌ಗಳ ನಂಬರ್, ವಾಪಸ್ ಕೊಳ್ಳುವ ಬೆಲೆಯನ್ನು ತಡವರಿಸದೆ ಹೇಳಿದ ಡೀಲರ್ ಯಾರು. ನನ್ನ ಹಾಳೆ ಪಾಸ್‌ಪೋರ್ಟ್‌ಗಳ ಫೈಲಿನಲ್ಲಿದೆ. ಹೆಂಡತಿಗೆ ಒಂದು ಸಲ ಓದಿ ತೋರಿಸಿದೆ. ಅವಳು ಕೇಳಿದ್ದು, "ಇಷ್ಟೆಲ್ಲ ಮಾಡಿ ಒಂದು ಸಲನಾದ್ರೂ ಕಣ್ಣಲ್ಲಿ ನೋಡಿದ್ದೀರಾ?" ಇಲ್ಲ, ಇನ್ನೂ ನೋಡಿಲ್ಲ. 59ವರೆ ಆದ ಮೇಲೆ ಒಂದು ನಾಣ್ಯ ಮನೆಗೆ ತರಿಸುವುದು ಅಂತ ಇಬ್ಬರೂ ಸೇರಿ ತೀರ್ಮಾನ ಮಾಡಿದ್ದೇವೆ.